ರಾಕ್ಷಸ ಹುಟ್ಟಿದ್ದು ಯಾರ ಮನೆಯಲ್ಲಿ? ಹಳೆಯ ಗಾಥಿಕ್ ಕಾದಂಬರಿಗಳನ್ನು ಓದುವ ಮುನ್ನ

2024ರ ಕೊನೆಗೆ ರಕ್ತ ಹೀರುವ ಪಿಶಾಚಿಯ ಸಿನಿಮಾ 'ನೊಸ್ಫೆರಾಟು' ಥಿಯೇಟರಿಗೆ ಬಂತು. 2025ರ ನವೆಂಬರಿನಲ್ಲಿ 'ಫ್ರಾಂಕೆನ್‌ಸ್ಟೈನ್' ನೆಟ್‌ಫ್ಲಿಕ್ಸಿಗೆ ಬಂತು. ಎಐ ಬಗ್ಗೆ ಚರ್ಚೆ ಶುರುವಾದರೆ ಸಾಕು, 'ನಾವೇ ಒಂದು ಫ್ರಾಂಕೆನ್‌ಸ್ಟೈನ್ ಹುಟ್ಟಿಸುತ್ತಿದ್ದೇವೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೆಸರು ಎಲ್ಲರಿಗೂ ಗೊತ್ತು, ಪುಸ್ತಕ ಓದಿದವರು ಮಾತ್ರ ಕಡಿಮೆ. ಹಾಗಾಗಿ ಸಿನಿಮಾದಿಂದ ಬಂದ ಕೆಲವು ತಪ್ಪು ತಿಳಿವಳಿಕೆಗಳು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿವೆ.

ಫ್ರಾಂಕೆನ್‌ಸ್ಟೈನ್ ಅನ್ನುವುದು ಆ ಭಯಂಕರ ಜೀವಿಯ ಹೆಸರಲ್ಲ, ಅದನ್ನು ಮಾಡಿದ ಹುಡುಗನ ಹೆಸರು. ಅವನು ಡಾಕ್ಟರೂ ಅಲ್ಲ, ಇನ್ನೂ ಓದುತ್ತಿರುವ ವಿದ್ಯಾರ್ಥಿ. ಕಾದಂಬರಿಯ ಡ್ರಾಕುಲ ಬಿಸಿಲಿಗೆ ಸುಟ್ಟು ಬೂದಿಯಾಗುವುದಿಲ್ಲ, ಹಾಡಹಗಲೇ ಲಂಡನ್ನಿನ ಪಿಕಡಿಲಿ ರಸ್ತೆಯಲ್ಲಿ ನಿಂತು ಗಾಡಿಯಲ್ಲಿ ಕೂತ ಹುಡುಗಿಯೊಬ್ಬಳನ್ನು ನೋಡುತ್ತಾನೆ. ಬಿಸಿಲಿಗೆ ಸಾಯುವ ಕಲ್ಪನೆ ಬಂದದ್ದು 1922ರ ಮೂಕಿ ಚಿತ್ರ, ಹಳೆಯ 'ನೊಸ್ಫೆರಾಟು'ವಿನಿಂದ. ಇನ್ನು ಜೆಕಿಲ್ ಮತ್ತು ಹೈಡ್ ಕಥೆಯ ಖಳ ಮಿಸ್ಟರ್ ಹೈಡ್ ದೈತ್ಯನೇ ಅಲ್ಲ, ಕುಳ್ಳ.

ಈ ಪುಸ್ತಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೆಡುಕು ಎಲ್ಲಿ ವಾಸ ಮಾಡುತ್ತದೆ ಅನ್ನುವುದಕ್ಕೆ ಒಂದೊಂದು ಕಾಲದ ಲೇಖಕರು ಒಂದೊಂದು ವಿಳಾಸ ಕೊಡುತ್ತಾರೆ. ಮೊದಲು ದೂರದ ಇಟಲಿಯ ಕೋಟೆ, ಆಮೇಲೆ ಒಬ್ಬ ವಿದ್ಯಾರ್ಥಿಯ ಕೋಣೆ, ಕೊನೆಗೆ ಲಂಡನ್ನಿನ ಮರ್ಯಾದಸ್ಥರ ಮನೆ. ಆ ವಿಳಾಸ ಹಿಡಿದುಕೊಂಡೇ ಹೋಗೋಣ. ಕಥೆಯ ಗುಟ್ಟು ಮೊದಲೇ ಗೊತ್ತಾಗಬಾರದು ಅನ್ನುವವರು ಮಾತ್ರ ಹುಷಾರು, ಮುಂದೆ ಎಲ್ಲ ಬಯಲಾಗುತ್ತದೆ.

ಗಾಥಿಕ್ ಅಂದರೆ ಏನು?

ಮೊದಲು ಅದು ಕಟ್ಟಡಗಳಿಗೆ ಇದ್ದ ಹೆಸರು. ಮೊನಚು ಕಮಾನು, ಆಕಾಶಕ್ಕೆ ಚುಚ್ಚುವ ಗೋಪುರ, ಬಣ್ಣದ ಗಾಜಿನ ಕಿಟಕಿ ಇರುವ ಯುರೋಪಿನ ಮಧ್ಯಯುಗದ ಚರ್ಚುಗಳ ಶೈಲಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ನೋಡಿದ್ದರೆ ಆ ಶೈಲಿಯನ್ನು ಆಗಲೇ ನೋಡಿದ್ದೀರಿ. ಅದು 20ನೇ ಶತಮಾನದಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ್ದು.

ಈ ಹೆಸರು ಕಥೆಗೆ ಅಂಟಿದ್ದು ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಶ್ರೀಮಂತನಿಂದ. ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿಕೊಂಡ ರಾಬರ್ಟ್ ವಾಲ್‌ಪೋಲರ ಮಗ ಈತ. ಲಂಡನ್ ಹತ್ತಿರದ ತನ್ನ ಮನೆಯನ್ನೇ ಪುಟ್ಟ ಗಾಥಿಕ್ ಕೋಟೆಯ ಹಾಗೆ ಕಟ್ಟಿಸಿಕೊಂಡಿದ್ದ. 1764ರಲ್ಲಿ 'ದ ಕ್ಯಾಸಲ್ ಆಫ್ ಒಟ್ರಾಂಟೊ' ಬರೆದ. ಬರೆದೆ ಅಂತ ಹೇಳಿಕೊಳ್ಳಲಿಲ್ಲ, ಯಾವುದೋ ಹಳೆಯ ಇಟಾಲಿಯನ್ ಪುಸ್ತಕದ ಅನುವಾದ ಎಂದು ಸುಳ್ಳು ಹೇಳಿದ. ಜನ ಮೆಚ್ಚಿಕೊಂಡ ಮೇಲೆ 1765ರ ಎರಡನೇ ಮುದ್ರಣದಲ್ಲಿ ತನ್ನದೇ ಎಂದು ಒಪ್ಪಿಕೊಂಡು, 'ಒಂದು ಗಾಥಿಕ್ ಕಥೆ' ಎಂದು ಸೇರಿಸಿದ.

ಕಥೆ ಶುರುವಾಗುವುದು ಮದುವೆಯ ದಿನ. ಎಲ್ಲಿಂದಲೋ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಅಪ್ಪಚ್ಚಿ! ಓದುವಾಗ ನಗು ಬಂದರೆ ತಪ್ಪೇನಿಲ್ಲ. ಆದರೆ ಕಾರಣ ನೋಡಿ. ಹುಡುಗನ ಅಪ್ಪ ಮ್ಯಾನ್‌ಫ್ರೆಡ್ ಕೋಟೆಯ ಒಡೆಯ. ಅವನ ಅಜ್ಜ ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆ ಕಬಳಿಸಿದ್ದ. ಆ ಲೆಕ್ಕ ಈಗ ಚುಕ್ತಾ ಆಗುತ್ತಿದೆ. ಮಗ ಸತ್ತ ಕೂಡಲೇ ಮ್ಯಾನ್‌ಫ್ರೆಡ್ ಮಾಡುವ ಯೋಚನೆ ಇನ್ನೂ ಕೆಟ್ಟದ್ದು: ಹೆಂಡತಿಯನ್ನು ಬಿಟ್ಟು, ಸೊಸೆಯಾಗಬೇಕಿದ್ದವಳನ್ನೇ ಮದುವೆಯಾಗಿ ವಾರಸುದಾರನನ್ನು ಪಡೆಯುವುದು. ಮುಂದಿನ ನೂರಾರು ಗಾಥಿಕ್ ಕಥೆಗಳ ಬೀಜ ಇಲ್ಲೇ ಇದೆ. ಹಳೆಯ ಪಾಪ, ಆಸ್ತಿ, ವಂಶ, ಬಾಗಿಲು ಹಾಕಿದ ಮನೆಯೊಳಗೆ ಸಿಕ್ಕಿಬಿದ್ದ ಹೆಣ್ಣು.

ಪರದೆಯ ಹಿಂದೆ ದೆವ್ವ, ಕೈಯಲ್ಲಿ ಆಸ್ತಿ ಪತ್ರ

ಭಯ ಹುಟ್ಟಿಸುವ ಕಸುಬನ್ನು ಚೆನ್ನಾಗಿ ಪಳಗಿಸಿದವರು ಆ್ಯನ್ ರಾಡ್‌ಕ್ಲಿಫ್. ಅವರ 'ದ ಮಿಸ್ಟರೀಸ್ ಆಫ್ ಉಡಾಲ್ಫೊ' ಬಂದದ್ದು 1794ರಲ್ಲಿ. ರಾತ್ರಿ ಕರೆಂಟ್ ಹೋಗಿದ್ದಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಎದೆ ಝಲ್ ಅನ್ನುತ್ತದೆ. ಟಾರ್ಚ್ ಬಿಟ್ಟು ನೋಡಿ ಬೆಕ್ಕು ಕಂಡರೆ ಭಯ ಮುಗಿಯಿತು. ರಾಡ್‌ಕ್ಲಿಫ್ ಆ ಟಾರ್ಚನ್ನು ನೂರಾರು ಪುಟ ಹಾಕುವುದೇ ಇಲ್ಲ. ನಾಯಕಿ ಎಮಿಲಿ ಕೋಟೆಯಲ್ಲಿ ಒಂದು ಕಪ್ಪು ಪರದೆ ಎತ್ತುತ್ತಾಳೆ, ನೋಡಿ ಮೂರ್ಛೆ ಹೋಗುತ್ತಾಳೆ. ಅವಳು ಕಂಡದ್ದು ಏನು ಅಂತ ಲೇಖಕಿ ಹೇಳುವುದು ಪುಸ್ತಕದ ಕೊನೆಯ ಹತ್ತಿರ. ಅದೊಂದು ಮೇಣದ ಗೊಂಬೆ, ಅಷ್ಟೇ.

ಅವರ ಕಾದಂಬರಿಗಳಲ್ಲಿ ದೆವ್ವಗಳು ಹೆಚ್ಚಾಗಿ ಕೊನೆಗೆ ಹೀಗೇ ಸುಳ್ಳಾಗುತ್ತವೆ. ಸುಳ್ಳಾಗದೆ ಉಳಿಯುವವನು ಮೊಂಟೋನಿ. ಎಮಿಲಿಯ ಸೋದರತ್ತೆಯನ್ನು ಹಣಕ್ಕಾಗಿ ಮದುವೆಯಾದ ಈತ ಅವಳ ಜಮೀನು ತನ್ನ ಹೆಸರಿಗೆ ಬರೆಸಿಕೊಳ್ಳಲು ಕೂಡಿಹಾಕುತ್ತಾನೆ. ಅವಳು ಸತ್ತ ಮೇಲೆ ಎಮಿಲಿಯ ಮುಂದೆ ಅದೇ ಕಾಗದ ಹಿಡಿಯುತ್ತಾನೆ. ಇಂಗ್ಲೆಂಡಿನಲ್ಲಿ ಆಗ ಮದುವೆಯಾದ ಹೆಣ್ಣಿನ ಹಣ ಗಂಡನದು, ಜಮೀನಿನ ಮೇಲೂ ಅವನದೇ ಹಿಡಿತ. ಇದು ಸಡಿಲವಾಗಿದ್ದು 1870 ಮತ್ತು 1882ರ ಕಾಯ್ದೆಗಳಿಂದ. ಅಂದರೆ ಓದುವ ಹೆಣ್ಣುಮಕ್ಕಳಿಗೆ ಆ ಕೋಟೆ ಇಟಲಿಯದಾದರೂ ಸಹಿ ಕೇಳುವ ಗಂಡಸು ಚೆನ್ನಾಗಿ ಪರಿಚಯದವನೇ.

ಇದನ್ನು ಜೇನ್ ಆಸ್ಟಿನ್ ಸರಿಯಾಗಿ ಹಿಡಿದರು. ಅವರ 'ನಾರ್ತ್ಯಾಂಗರ್ ಆ್ಯಬಿ'ಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ಉಡಾಲ್ಫೊ ಓದಿ ತಲೆ ಕೆಡಿಸಿಕೊಂಡಿದ್ದಾಳೆ. ಸ್ನೇಹಿತರ ಹಳೇ ಬಂಗಲೆಗೆ ಹೋದವಳು ಗಾಳಿಮಳೆಯ ರಾತ್ರಿ ಒಂದು ಕಪಾಟು ತೆಗೆಯುತ್ತಾಳೆ. ಒಳಗೆ ಕಾಗದದ ಸುರುಳಿ! ಬೆಳಗಾಗಿ ನೋಡಿದರೆ ಬಟ್ಟೆ ಒಗೆಸಿದ ಲೆಕ್ಕದ ಚೀಟಿ. ಮನೆಯ ಯಜಮಾನ ಹೆಂಡತಿಯನ್ನು ಕೊಂದಿರಬೇಕು ಎಂದೂ ಊಹಿಸುತ್ತಾಳೆ, ಅದೂ ಸುಳ್ಳು. ಆದರೆ ಅದೇ ಯಜಮಾನ, ಈ ಹುಡುಗಿ ತಾನಂದುಕೊಂಡಷ್ಟು ಶ್ರೀಮಂತಳಲ್ಲ ಅಂತ ಗೊತ್ತಾದ ಕೂಡಲೇ, ಜೊತೆಗೆ ಒಬ್ಬ ಆಳನ್ನೂ ಕಳಿಸದೆ ಬೆಳಗಾಗುವಾಗ ಮನೆಯಿಂದ ಅಟ್ಟುತ್ತಾನೆ. ಇಟಲಿಯಲ್ಲಿದ್ದ ಕೆಡುಕನ್ನು ಆಸ್ಟಿನ್ ನಗುನಗುತ್ತಲೇ ಇಂಗ್ಲೆಂಡಿಗೆ ಕರೆತಂದರು.

ಆ ಕಾಲದ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಇಂಗ್ಲಿಷ್ ಓದುಗರು ಹೆಚ್ಚಾಗಿ ಪ್ರೊಟೆಸ್ಟೆಂಟರು. ಹಾಗಾಗಿ ಖಳರು ಅನೇಕ ಸಲ ಇಟಲಿ, ಸ್ಪೇನ್‌ನ ಕ್ಯಾಥೊಲಿಕ್ ಪಾದ್ರಿಗಳು, ಸನ್ಯಾಸಿಗಳು. 1796ರ 'ದ ಮಂಕ್' ಇದರ ಪರಮಾವಧಿ. ಅದನ್ನು ಬರೆದ ಮ್ಯಾಥ್ಯೂ ಲೂಯಿಸ್ ಪಾರ್ಲಿಮೆಂಟಿನ ಸದಸ್ಯ ಎಂದು ತಿಳಿದಾಗ ಗಲಾಟೆಯೋ ಗಲಾಟೆ.

ಹುಟ್ಟಿಸಿ ಬಿಟ್ಟುಹೋದವನು

1815ರ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶಕ್ಕೇರಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಂಡೆಯ ಒಂದು ಬಂಗಲೆಯಲ್ಲಿ ಕೆಲವು ಇಂಗ್ಲಿಷರು ಮಳೆಗೆ ಸಿಕ್ಕಿ ಕೂತಿದ್ದರು. ಕವಿ ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಶೆಲ್ಲಿ, ಜೊತೆಗೆ ಮುಂದೆ ಶೆಲ್ಲಿಯ ಹೆಂಡತಿಯಾದ 18 ವರ್ಷದ ಮೇರಿ. ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ ಬೈರನ್. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಹುಟ್ಟಿದ್ದು ಅಲ್ಲಿ, ಪೊಲಿಡೋರಿಯ 'ದ ವ್ಯಾಂಪೈರ್' ಕೂಡ ಅದೇ ಪಂದ್ಯದ ಫಲ.

ಸತ್ತದ್ದಕ್ಕೆ ಜೀವ ತರುವ ಮಾತು ಆಗ ಗಾಳಿಯಲ್ಲೇ ಇತ್ತು. 1803ರಲ್ಲಿ ಲಂಡನ್ನಿನಲ್ಲಿ ಅಲ್ಡೀನಿ ಎಂಬ ವಿಜ್ಞಾನಿ ನೇಣಿಗೇರಿದ ಕೈದಿಯೊಬ್ಬನ ಹೆಣಕ್ಕೆ ವಿದ್ಯುತ್ ಹಾಯಿಸಿದ್ದ. ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಮೇರಿಗೆ ಇದು ಬರೀ ವಿಜ್ಞಾನದ ವಿಷಯವಾಗಿರಲಿಲ್ಲ. ಅವಳು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ಅವಳ ಮೊದಲ ಕೂಸು ದಿನಗಳಲ್ಲೇ ಹೋಯಿತು. ಕೂಸಿಗೆ ಸುಮ್ನೆ ಚಳಿ ಹಿಡಿದಿತ್ತು, ಬೆಂಕಿಯ ಮುಂದೆ ಮೈ ತಿಕ್ಕಿದೆವು, ಬದುಕಿತು ಎಂದು ಕನಸು ಕಂಡೆ ಅಂತ ಅವಳು ದಿನಚರಿಯಲ್ಲಿ ಬರೆದಿದ್ದಾಳೆ.

ಕಾದಂಬರಿ ಹೊರಬಂದದ್ದು 1818ರ ಜನವರಿ 1ರಂದು, ಲೇಖಕಿಯ ಹೆಸರಿಲ್ಲದೆ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜಿನೀವಾದ ಒಳ್ಳೆಯ ಮನೆತನದ ಹುಡುಗ. ಜರ್ಮನಿಯಲ್ಲಿ ಓದುವಾಗ ಹೆಣಗಳ ಭಾಗ ಕೂಡಿಸಿ ಎಂಟು ಅಡಿ ಎತ್ತರದ ಜೀವಿಯನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕ್ಷಣವೇ ಹೇಸಿಕೊಂಡು ಓಡಿಹೋಗುತ್ತಾನೆ. ಹೆಸರು ಸಹ ಇಡುವುದಿಲ್ಲ.

ಅಲ್ಲಿಂದ ಮುಂದಿನ ಭಾಗವೇ ಪುಸ್ತಕದ ಹೃದಯ, ಸಿನಿಮಾಗಳಲ್ಲಿ ಸಾಮಾನ್ಯವಾಗಿ ಕತ್ತರಿ ಬೀಳುವುದೂ ಇಲ್ಲೇ. ಆ ಜೀವಿ ಕಾಡಿನಂಚಿನ ಒಂದು ಬಡ ಮನೆಗೆ ಅಂಟಿಕೊಂಡ ಕೊಟ್ಟಿಗೆಯಂಥ ಗೂಡಿನಲ್ಲಿ ಅಡಗಿಕೊಳ್ಳುತ್ತದೆ. ಗೋಡೆಯ ಸಂದಿಯಿಂದ ಆ ಮನೆಯವರನ್ನು ತಿಂಗಳುಗಟ್ಟಲೆ ನೋಡುತ್ತದೆ. ಅವರಿಗೇ ಊಟಕ್ಕೆ ಸಾಲದು ಅಂತ ತಿಳಿದ ಮೇಲೆ ಅವರ ಆಹಾರ ಕದಿಯುವುದನ್ನು ಬಿಡುತ್ತದೆ. ರಾತ್ರಿ ಹೋಗಿ ಸೌದೆ ಕಡಿದು ಬಾಗಿಲಲ್ಲಿ ಇಟ್ಟು ಬರುತ್ತದೆ. ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತದೆ, ಕಾಡಲ್ಲಿ ಸಿಕ್ಕ ಪುಸ್ತಕ ಓದುತ್ತದೆ. ಒಂದು ದಿನ ಧೈರ್ಯ ಮಾಡಿ, ಮನೆಯಲ್ಲಿ ಕುರುಡ ಮುದುಕ ಒಬ್ಬನೇ ಇದ್ದಾಗ ಒಳಗೆ ಹೋಗುತ್ತದೆ. ಮುದುಕ ಪ್ರೀತಿಯಿಂದಲೇ ಮಾತಾಡುತ್ತಾನೆ, ಅವನಿಗೆ ಮುಖ ಕಾಣುವುದಿಲ್ಲವಲ್ಲ. ಅಷ್ಟರಲ್ಲಿ ಮಗ ಬಂದು ದೊಣ್ಣೆಯಲ್ಲಿ ಬಡಿಯುತ್ತಾನೆ. ಇನ್ನೊಂದು ಕಡೆ ನೀರಿಗೆ ಬಿದ್ದ ಹುಡುಗಿಯನ್ನು ಎಳೆದು ಉಳಿಸಿದರೆ, ಸಿಗುವ ಬಹುಮಾನ ಗುಂಡೇಟು.

ಆಮೇಲೆ ಕೊಲೆಗಳು ಶುರುವಾಗುತ್ತವೆ. ಮೊದಲ ಬಲಿ ವಿಕ್ಟರನ ಪುಟ್ಟ ತಮ್ಮ. ನಾನು ಒಳ್ಳೆಯವನೇ ಆಗಿದ್ದೆ, ಸಂಕಟ ನನ್ನನ್ನು ಪಿಶಾಚಿ ಮಾಡಿತು ಎಂದು ಆ ಜೀವಿ ತನ್ನನ್ನು ಮಾಡಿದವನ ಎದುರು ವಾದಿಸುತ್ತದೆ. ಲೇಖಕಿ ಹಾಗಂತ ಅದನ್ನು ಖುಲಾಸೆ ಮಾಡುವುದಿಲ್ಲ. ಮಗುವನ್ನು ಕೊಂದ ಕೈ ಅದರದೇ. ಆದರೆ ಆ ಕೊಲೆಗೆ ನೇಣಾಗುವುದು ಯಾರಿಗೆ? ಮನೆಗೆಲಸದ ಜಸ್ಟೀನ್‌ಗೆ. ನ್ಯಾಯಾಧೀಶರು ಶಿಕ್ಷೆ ಕೊಡುತ್ತಾರೆ, ಆಮೇಲೆ ಚರ್ಚಿನ ಪಾದ್ರಿ ನರಕದ ಹೆದರಿಕೆ ಹಾಕಿ ಅವಳಿಂದ ಸುಳ್ಳು ತಪ್ಪೊಪ್ಪಿಗೆ ಪಡೆಯುತ್ತಾನೆ. ನಿಜ ಗೊತ್ತಿದ್ದ ವಿಕ್ಟರ್ ಬಾಯಿ ಬಿಡುವುದಿಲ್ಲ. ಕೋರ್ಟು, ಚರ್ಚು, ಒಳ್ಳೆಯ ಮನೆತನ, ಮೂರೂ ಸೇರಿ ಒಬ್ಬ ನಿರಪರಾಧಿ ಹುಡುಗಿಯನ್ನು ಕೊಲ್ಲುವ ಈ ಭಾಗದಲ್ಲಿ ರಾಕ್ಷಸ ಕೋಣೆಯಲ್ಲೇ ಇಲ್ಲ.

ತೀರ್ಪನ್ನು ಮೇರಿ ಶೆಲ್ಲಿ ನಮಗೇ ಬಿಡುತ್ತಾಳೆ. ಕಥೆಯ ಕಟ್ಟೋಣವೇ ಹಾಗಿದೆ. ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೊರಟ ವಾಲ್ಟನ್ ಎಂಬವನು ಸೋದರಿಗೆ ಬರೆದ ಪತ್ರದೊಳಗೆ ವಿಕ್ಟರ್ ಹೇಳಿದ ಕಥೆ, ಅದರೊಳಗೆ ಆ ಜೀವಿ ಹೇಳಿದ ಕಥೆ. ಮೂವರೂ ತಂತಮ್ಮ ಕಡೆಯಿಂದ ಮಾತಾಡುತ್ತಾರೆ. ಎಐ ಚರ್ಚೆಯಲ್ಲಿ ಈ ಪುಸ್ತಕವನ್ನು ಎಳೆದು ತರುವವರು ಒಂದು ಸಂಗತಿ ಗಮನಿಸುವುದು ಒಳ್ಳೆಯದು. ಜೀವಿ ವಿಕ್ಟರನ ಮೇಲೆ ಹೊರಿಸುವ ದೊಡ್ಡ ಆರೋಪ ನನ್ನನ್ನು ಯಾಕೆ ಕೈಬಿಟ್ಟೆ ಅನ್ನುವುದು.

ಒಂದೇ ಮನೆಗೆ ಎರಡು ಬಾಗಿಲು

1886ರಲ್ಲಿ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಬರೆದ ಜೆಕಿಲ್ ಮತ್ತು ಹೈಡ್ ಕಥೆಗೆ ಕೋಟೆಯೂ ಬೇಡ, ಇಟಲಿಯೂ ಬೇಡ. ಲಂಡನ್ನಿನ ಡಾಕ್ಟರ್ ಜೆಕಿಲ್ ಮನೆಯ ಮುಂಬಾಗಿಲು ಚೆಂದದ ಚೌಕಕ್ಕೆ ತೆರೆಯುತ್ತದೆ. ಹಿಂದಿನ ಪ್ರಯೋಗಶಾಲೆಯ ಬಾಗಿಲು ಒಂದು ಗಲ್ಲಿಗೆ. ಬಣ್ಣ ಉದುರಿದೆ, ಕರೆಗಂಟೆಯೂ ಇಲ್ಲ. ಹೈಡ್ ಓಡಾಡುವುದು ಅಲ್ಲಿಂದ.

ಸ್ಟೀವನ್‌ಸನ್ ಹುಟ್ಟಿದ ಎಡಿನ್‌ಬರಾದಲ್ಲಿ ಬ್ರೋಡಿ ಎಂಬೊಬ್ಬ ಇದ್ದ. ಹಗಲು ಹೆಸರಾಂತ ಮರಗೆಲಸದ ಯಜಮಾನ, ನಗರಸಭೆಯ ಸದಸ್ಯ. ರಾತ್ರಿ ಕನ್ನಗಳ್ಳ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಕೈಯಲ್ಲಿ ಆದ ಒಂದು ಕಪಾಟು ಸ್ಟೀವನ್‌ಸನ್ ಬಾಲ್ಯದ ಕೋಣೆಯಲ್ಲೇ ಇತ್ತು.

ಜೆಕಿಲ್ ಒಳ್ಳೆಯವ, ಹೈಡ್ ಕೆಟ್ಟವ ಎಂದು ನಾವು ಸುಲಭಕ್ಕೆ ಹೇಳಿಬಿಡುತ್ತೇವೆ, ಅಲ್ವಾ? ಪುಸ್ತಕದಲ್ಲಿ ಹಾಗಿಲ್ಲ. ಜೆಕಿಲ್‌ಗೆ ಮೊದಲಿಂದಲೂ ಕದ್ದುಮುಚ್ಚಿ ಮಾಡುವ ಚಟಗಳಿದ್ದವು. ಮರ್ಯಾದೆ ಕಳೆದುಕೊಳ್ಳದೆ ಅವನ್ನು ಮಾಡಲು ಇನ್ನೊಂದು ಮೈ ಬೇಕಿತ್ತು, ತಾನೇ ಮಾಡಿದ ಔಷಧಿ ಕುಡಿದಾಗ ಅದು ಸಿಕ್ಕಿತು, ಅದೇ ಹೈಡ್. ಅಂದರೆ ಜೆಕಿಲ್ ಅಂದರೆ ಒಳ್ಳೆಯದು, ಕೆಟ್ಟದ್ದು ಎರಡೂ ಬೆರೆತ ಮಾಮೂಲಿ ಮನುಷ್ಯ. ಹೈಡ್ ಅವನಿಂದ ಸೋಸಿ ತೆಗೆದ ಕೆಡುಕು ಮಾತ್ರ. ಅಷ್ಟು ದಿನ ಆ ಭಾಗಕ್ಕೆ ಜಾಸ್ತಿ ಕೆಲಸ ಇರಲಿಲ್ಲ, ಅದಕ್ಕೇ ಹೈಡ್ ಕುಳ್ಳ ಎಂದು ಜೆಕಿಲ್ ತಾನೇ ಲೆಕ್ಕ ಹಾಕುತ್ತಾನೆ. ಕೆಲಸ ಕೊಟ್ಟ ಮೇಲೆ ಅವನು ಬೆಳೆಯುತ್ತಾನೆ.

ಸಮಾಜದ ಚಿತ್ರ ಕಾಣುವುದು ಮೊದಲ ಅಧ್ಯಾಯದಲ್ಲೇ. ನಸುಕಿನ ಮೂರು ಗಂಟೆಗೆ ಹೈಡ್ ಒಬ್ಬ ಪುಟ್ಟ ಹುಡುಗಿಯನ್ನು ತುಳಿದುಕೊಂಡು ಹೋಗುತ್ತಾನೆ. ಜನ ಹಿಡಿದು ನಿಲ್ಲಿಸುತ್ತಾರೆ. ಪೊಲೀಸರನ್ನು ಕರೆಯುವುದಿಲ್ಲ, ಹುಡುಗಿಯ ಮನೆಯವರಿಗೆ 100 ಪೌಂಡು ಕೊಡಿಸಿ ರಾಜಿ ಮಾಡುತ್ತಾರೆ. ಚೆಕ್ಕಿನ ಮೇಲಿನ ಸಹಿ ಊರಿಗೇ ಗೊತ್ತಿರುವ ದೊಡ್ಡ ಮನುಷ್ಯನದು. ಇದನ್ನು ಹೇಳಿದವನೂ ಕೇಳಿದ ವಕೀಲನೂ ಇನ್ನು ಈ ಮಾತು ಬೇಡ ಎಂದು ಕೈಕುಲುಕುತ್ತಾರೆ. ಈ ಪುಸ್ತಕದ ಗಂಡಸರೆಲ್ಲ ಹೀಗೇ, ಗೆಳೆಯನ ಹೆಸರು ಕೆಡಬಾರದು ಅಂತ ಬಾಯಿ ಮುಚ್ಚಿಕೊಳ್ಳುವವರು. ಹೈಡ್ ಬದುಕುಳಿದದ್ದು ಅರ್ಧ ಔಷಧಿಯಿಂದ, ಅರ್ಧ ಇವರ ಮೌನದಿಂದ.

ಮುಖ ನೋಡಿ ಮಣೆ ಹಾಕುವ ವಿಜ್ಞಾನ

ಹೈಡ್ ಹೇಗಿದ್ದಾನೆ ಎಂದರೆ ನೋಡಿದವರಾರೂ ಸರಿಯಾಗಿ ಹೇಳಲಾರರು. ಏನೋ ವಿಕಾರ, ಆದರೆ ಯಾವ ಅಂಗ ಅಂತ ಗೊತ್ತಿಲ್ಲ. ಈ ತೊದಲಿನ ಹಿಂದೆ ಆ ಕಾಲದ ಒಂದು ನಂಬಿಕೆ ಇದೆ. 1876ರಲ್ಲಿ ಲೊಂಬ್ರೊಸೊ ಎಂಬ ಇಟಲಿಯ ವೈದ್ಯ, ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ತಲೆಬುರುಡೆ, ದವಡೆ ನೋಡಿದರೇ ಗೊತ್ತಾಗುತ್ತದೆ ಎಂದು ಬರೆದ. ಈಗ ಇದನ್ನು ಯಾವ ವಿಜ್ಞಾನಿಯೂ ಒಪ್ಪುವುದಿಲ್ಲ. ಆಗ ಅನೇಕರು ಒಪ್ಪಿದ್ದರು. 'ಡ್ರಾಕುಲ'ದಲ್ಲಿ ಅವನ ಹೆಸರನ್ನೇ ಹೇಳಿ, ಕೌಂಟ್ ಡ್ರಾಕುಲ ಅದೇ ಜಾತಿಯ ಅಪರಾಧಿ ಎಂದು ತೀರ್ಮಾನಿಸುತ್ತಾರೆ.

ಹುಟ್ಟಿನಿಂದಲೇ ಅಪರಾಧಿ ಅನ್ನುವ ಯೋಚನೆ ಕಾದಂಬರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. 1871ರಲ್ಲಿ ಬ್ರಿಟಿಷರು ಭಾರತದಲ್ಲಿ ಒಂದು ಕಾಯ್ದೆ ತಂದು ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳೆಂದು ಪಟ್ಟಿ ಮಾಡಿದರು. ಮುಂದೆ ಅವರನ್ನು ತಂತಿಬೇಲಿಯೊಳಗೂ ಇಟ್ಟರು. ಹುಬ್ಬಳ್ಳಿ, ಗದಗಿನಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಎಂದು ಕರೆಯುವ ಬಡಾವಣೆಗಳಿಗೆ ಆ ಹೆಸರು ಬಂದದ್ದು ಹೀಗೆ. ಕಾಯ್ದೆ ಪೂರ್ತಿ ಹೋದದ್ದು 1952ರಲ್ಲಿ.

ಕ್ರಯಪತ್ರ ಮಾಡಿಸಿಕೊಂಡು ಬಂದ ಪಿಶಾಚಿ

'ಡ್ರಾಕುಲ' 1897ರ ಮೇ ತಿಂಗಳಲ್ಲಿ ಬಂತು. ಬರೆದ ಬ್ರಾಮ್ ಸ್ಟೋಕರ್ ಡಬ್ಲಿನ್‌ನವನು, ಲಂಡನ್ನಿನ ಲೈಸಿಯಂ ನಾಟಕಶಾಲೆಯ ಮ್ಯಾನೇಜರ್. ಈ ಹೊತ್ತಿಗೆ ಲಂಡನ್ ಜಗತ್ತಿನ ದೊಡ್ಡ ಸಾಮ್ರಾಜ್ಯದ ರಾಜಧಾನಿ. ನಾವು ಊರೂರಿಗೆ ಹೋಗಿ ಗೆದ್ದ ಹಾಗೆ ಯಾರಾದರೂ ನಮ್ಮೂರಿಗೇ ಬಂದರೆ ಎಂಬ ಅಳುಕು ಆ ಕಾಲದ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಡ್ರಾಕುಲ ಬರುವ ರೀತಿ ನೋಡಿ. ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಕೂತು ಲಂಡನ್ ಡೈರೆಕ್ಟರಿ, ವಕೀಲರ ಪಟ್ಟಿ ಓದುತ್ತಾನೆ. ಒಂದು ಸಂಜೆ ಸೋಫಾದ ಮೇಲೆ ಒರಗಿಕೊಂಡು ಇಂಗ್ಲಿಷ್ ರೈಲುಗಳ ವೇಳಾಪಟ್ಟಿ ಓದುತ್ತಿರುತ್ತಾನೆ! ತನ್ನ ಉಚ್ಚಾರ ಕೇಳಿ ಲಂಡನ್ ಜನ ಹೊರಗಿನವನು ಅಂದಾರು ಎಂಬ ಚಿಂತೆ ಅವನಿಗೆ. ಕಾನೂನು ಪ್ರಕಾರ ಮನೆ ಕೊಳ್ಳುತ್ತಾನೆ. ಕಾಗದಪತ್ರ ತಂದುಕೊಟ್ಟವನು ಕಥೆಯ ನಾಯಕ, ಯುವ ವಕೀಲ ಜೊನಾಥನ್ ಹಾರ್ಕರ್. ತನ್ನ ನೆಲದ ಮಣ್ಣು ತುಂಬಿದ 50 ಪೆಟ್ಟಿಗೆ ಹಡಗಿನಲ್ಲಿ ತರಿಸುತ್ತಾನೆ. ಮುಂದೆ ಜೊನಾಥನ್ ಚಾಕು ಬೀಸಿದಾಗ ಕೌಂಟ್‌ನ ಕೋಟು ಹರಿದು ಸುರಿಯುವುದು ರಕ್ತವಲ್ಲ, ನೋಟಿನ ಕಂತೆ ಮತ್ತು ಚಿನ್ನದ ನಾಣ್ಯ. ಕಿಟಕಿಯಿಂದ ಹಾರುವ ಮುಂಚೆ ಬಗ್ಗಿ ಒಂದು ಹಿಡಿ ಬಾಚಿಕೊಳ್ಳುವುದನ್ನೂ ಮರೆಯುವುದಿಲ್ಲ.

ಅವನ ವಿರುದ್ಧ ನಿಂತವರ ಆಯುಧ ಶಿಲುಬೆ, ಬೆಳ್ಳುಳ್ಳಿ ಅಷ್ಟೇ ಅಲ್ಲ. ಇಡೀ ಪುಸ್ತಕ ಡೈರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳ ಕಟ್ಟು. ಅದನ್ನೆಲ್ಲ ಟೈಪ್ ಮಾಡಿ ದಿನಾಂಕದ ಪ್ರಕಾರ ಜೋಡಿಸಿದವಳು ಜೊನಾಥನ್ ಹೆಂಡತಿ ಮೀನಾ. ಒಳ್ಳೆಯವರು ಸೋಲುವುದು ಒಬ್ಬರಿಗೊಬ್ಬರು ವಿಷಯ ಮುಚ್ಚಿಟ್ಟಾಗ. ಡ್ರಾಕುಲ ರಕ್ತ ಹೀರುತ್ತಿರುವ ಮೀನಾಳ ಗೆಳತಿ ಲೂಸಿಯ ಕೋಣೆಯಲ್ಲಿ, ಅವಳನ್ನು ನೋಡಲು ಬಂದ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಬೆಳ್ಳುಳ್ಳಿ ಹೂ ಕಟ್ಟುತ್ತಾರೆ. ಹೃದ್ರೋಗಿ ತಾಯಿಗೆ ಕಾರಣ ತಿಳಿಸಿಲ್ಲ. ವಾಸನೆ ಜಾಸ್ತಿಯಾಯಿತು ಅಂತ ಆಕೆ ಹೂ ತೆಗೆದು, ಮಗಳಿಗೆ ಗಾಳಿ ಬರಲಿ ಎಂದು ಕಿಟಕಿಯನ್ನೂ ತೆರೆಯುತ್ತಾಳೆ! ಹೆಂಗಸಿಗೆ ಇದೆಲ್ಲ ಬೇಡ ಎಂದು ಗಂಡಸರು ಮೀನಾಳನ್ನು ಸಭೆಯಿಂದ ಹೊರಗಿಟ್ಟಾಗಲೇ ಡ್ರಾಕುಲ ಅವಳ ಬಳಿ ಬರುತ್ತಾನೆ. ಲೂಸಿಗೆ ನಾಲ್ಕು ಗಂಡಸರ ರಕ್ತ ಏರಿಸುವಾಗ ಯಾರೂ ಗುಂಪು ಕೇಳುವುದಿಲ್ಲ, ಏಕೆಂದರೆ ರಕ್ತದ ಗುಂಪುಗಳು ಗೊತ್ತಾಗಿದ್ದು 1901ರಲ್ಲಿ.

ಕೊನೆಗೆ ಡ್ರಾಕುಲನ ಕುತ್ತಿಗೆ ಕತ್ತರಿಸುವುದು ಜೊನಾಥನ್ ಹಿಡಿದ ಗೂರ್ಖಾಗಳ ಕುಕ್ರಿ. ಹೊರಗಿನಿಂದ ಬಂದ ಪಿಶಾಚಿಯನ್ನು ಹೊರಗಿನಿಂದ ತಂದ ಆಯುಧದಿಂದಲೇ ಮುಗಿಸಿದರು. ಪುಸ್ತಕದಲ್ಲಿ ಪೂರ್ವ ಯುರೋಪಿನವರ ಬಗ್ಗೆ, ಅಲೆಮಾರಿಗಳ ಬಗ್ಗೆ, ಯಹೂದಿಗಳ ಬಗ್ಗೆ ಇರುವ ಮಾತುಗಳು ಇವತ್ತು ಓದುವಾಗ ಚುಚ್ಚುತ್ತವೆ. ಅದನ್ನೂ ಆ ಕಾಲದ ಸಮಾಜದ ಚಿತ್ರವೆಂದೇ ಓದಬೇಕು.

ಶ್ರೀರಂಗಪಟ್ಟಣದಿಂದ ಹೋದ ವಜ್ರ

ಈ ಹೊರಗಿನವರ ಭಯಕ್ಕೆ ಮೂವತ್ತು ವರ್ಷ ಮೊದಲೇ ಒಬ್ಬ ಲೇಖಕ ತಿರುಗುಬಾಣ ಬಿಟ್ಟಿದ್ದ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದ ಮೂನ್‌ಸ್ಟೋನ್' ಪತ್ತೇದಾರಿ ಕಾದಂಬರಿ, ಗಾಥಿಕ್‌ಗೆ ಹತ್ತಿರದ ನೆಂಟ. ಅದು ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಟಿಪ್ಪುವಿನ ಕೋಟೆ ಬಿದ್ದ ದಿನ. ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು, ಬಾಕುವಿನ ಹಿಡಿಯಲ್ಲಿದ್ದ ಪವಿತ್ರ ವಜ್ರ ಕದಿಯುತ್ತಾನೆ. ಟಿಪ್ಪುವಿನ ಸೋಲು ಇತಿಹಾಸ, ವಜ್ರ ಕಲ್ಪನೆ.

ಮುಂದೆ ಆ ವಜ್ರ ಇಂಗ್ಲೆಂಡಿನ ಒಂದು ಮನೆಯಿಂದ ಕಾಣೆಯಾಗುತ್ತದೆ. ಅದನ್ನು ಹುಡುಕಿಕೊಂಡು ಬಂದ ಮೂವರು ಭಾರತೀಯರ ಮೇಲೆ ಎಲ್ಲರ ಅನುಮಾನ. ಕೊನೆಗೆ ವಜ್ರ ಸಾಗಿಸಿದವನು ಧರ್ಮಕಾರ್ಯ, ದಾನ ಎಂದು ಊರೆಲ್ಲ ಹೊಗಳಿಸಿಕೊಂಡ ಒಬ್ಬ ಸಭ್ಯ ಇಂಗ್ಲಿಷ್ ಯುವಕ. ವಜ್ರ ವಾಪಸ್ ಭಾರತಕ್ಕೆ, ದೇವರ ಹಣೆಗೆ ಸೇರುತ್ತದೆ.

ಓದಲು ಶುರು ಮಾಡುವುದು ಎಲ್ಲಿಂದ?

ಇವೆಲ್ಲ ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳು. ಇಂಗ್ಲಿಷ್ ಮೂಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎಲ್ಲಕ್ಕಿಂತ ಚಿಕ್ಕದು ಜೆಕಿಲ್ ಮತ್ತು ಹೈಡ್, ಒಂದೇ ಭಾನುವಾರ ಸಾಕು. 'ಡ್ರಾಕುಲ'ದ ಮೊದಲ ನಾಲ್ಕು ಅಧ್ಯಾಯ, ಅಂದರೆ ಕೋಟೆಯ ಭಾಗ, ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ. ನಡುವೆ ಸ್ವಲ್ಪ ಎಳೆಯುತ್ತದೆ, ತಾಳ್ಮೆ ಇರಲಿ. ಉಡಾಲ್ಫೊ ಬಹಳ ದೊಡ್ಡದು, ಅದನ್ನು ಕೊನೆಗೆ ಇಟ್ಟುಕೊಳ್ಳಿ.

'ಫ್ರಾಂಕೆನ್‌ಸ್ಟೈನ್' ಕೊಳ್ಳುವಾಗ ಮಾತ್ರ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. 1831ರಲ್ಲಿ ಮೇರಿ ಶೆಲ್ಲಿ ಅದನ್ನು ತಿದ್ದಿ ಬರೆದಳು. ಆ ಹೊತ್ತಿಗೆ ಗಂಡನನ್ನೂ ಇನ್ನಿಬ್ಬರು ಮಕ್ಕಳನ್ನೂ ಕಳೆದುಕೊಂಡಿದ್ದಳು. 1818ರ ವಿಕ್ಟರ್ ತಾನೇ ಆರಿಸಿಕೊಂಡು ತಪ್ಪು ಮಾಡುತ್ತಾನೆ. 1831ರ ವಿಕ್ಟರ್ ಹಣೆಬರಹದ ಮಾತು ಜಾಸ್ತಿ ಆಡುತ್ತಾನೆ. ಜಿನೀವಾದ ಆ ಮಳೆಯ ರಾತ್ರಿಗಳ ಕಥೆಯನ್ನು ಅವಳೇ ಹೇಳುವ ಮುನ್ನುಡಿ ಇರುವುದೂ 1831ರ ಪ್ರತಿಯಲ್ಲೇ.